ನಾಲಿಗೆಗೆ ಅಂಟಿದ ಪಿಂಗಾಣಿ

ನನ್ನ ಬಾಯಲ್ಲಿ ಒಂದು ಚೂರು ಪಿಂಗಾಣಿ ಇತ್ತು.

ಅಡಿಕೆ ಗಾತ್ರದ್ದು. ಅದು ನಾಲಿಗೆಗೆ ಅಂಟಿಕೊಂಡಿತ್ತು.

ಅಂಟಬಾರದಿತ್ತು!

ಕೈ ಎರಡೂ ಬೆನ್ನ ಹಿಂದೆ. ತೆಂಗಿನ ನಾರಿನ ಹಗ್ಗ, ಅದರ ತುದಿ ಬಂಡೆಗೆ ಬಡಿದ ಗೂಟಕ್ಕೆ. ಮಧ್ಯಾಹ್ನದ ಬಿಸಿಲಿಗೆ ಕಾದ ಬಂಡೆಯ ಮೇಲೆ ಅಂಗಾತ ಬಿದ್ದಿದ್ದೆ. ತಲೆಯ ಹಿಂಭಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತಿತ್ತು. ಕಾಲಿನಾಚೆ, ಬಂಡೆಗೆ ಕೊರೆದ ಕುಳಿಯಿಂದ ಮದ್ದಿನ ಬತ್ತಿ ಇಣುಕುತ್ತಿತ್ತು.

ಚೆನ್ನಯ್ಯ ಬೀಡಿಯನ್ನು ಒಂದು ದಮ್ಮು ಎಳೆದ. ಅದೇ ಬೀಡಿಯನ್ನು ಬತ್ತಿಗೆ ಮುಟ್ಟಿಸಿದ.

ಸುರ್ರ್...

"ಜೇಬೆಲ್ಲಾ ತಡಕ್ಬುಟ್ಟೆ. ಚೂರು ಎಲ್ಲಿ ಮಡಗಿದ್ದೀಯಾ ಬೈರಯ್ಯ?"

ನಾನು ಮಾತಾಡಲಿಲ್ಲ. ಬಾಯಿ ತುಂಬಿಕೊಂಡು ಮಾತಾಡಬಾರದು ಎಂದು ನಮ್ಮವ್ವ ಕಲಿಸಿದ್ದಳು.

"ಎಲ್ಲಾದ್ರೂ ಇರ್ಲಿ ಬುಡು. ನಿನ್ ಜತೇಲೇ ಓಯ್ತದೆ!"

ಅವನು ಲಾರಿಯ ಕಡೆ ಓಡಿದ. ಎಂಜಿನ್ ಕೆಮ್ಮಿತು. ಲಾರಿ ಇಳಿಜಾರಿನಲ್ಲಿ ಧೂಳೆಬ್ಬಿಸಿಕೊಂಡು ಹೊರಟೇ ಹೋಯಿತು.

ಬತ್ತಿ ಪೂರಾ ಉರಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಅಷ್ಟರಲ್ಲಿ ನಾನು ಯಾರು, ಅರಕಲಗೂಡು ರಸ್ತೆಯ ಆ ಕಲ್ಲುಗಣಿಯಲ್ಲಿ ಯಾಕೆ ಬಿದ್ದಿದ್ದೆ ಅನ್ನುವುದನ್ನು ಹೇಳಿಬಿಡುತ್ತೇನೆ.

ಹೆಸರು ಬೈರಯ್ಯ. ಹಾಸನದ ಬಸ್ ಸ್ಟಾಂಡಿನ ಎದುರು, ಸೈಕಲ್ ಶಾಪಿನ ಮಹಡಿಯಲ್ಲಿ ಒಂದು ಮೇಜು, ಎರಡು ಕುರ್ಚಿ. ಅದೇ ನನ್ನ ಆಫೀಸು. ಲಾರಿ ಕಳೆದರೆ ಹುಡುಕುತ್ತೇನೆ. ಒಡವೆ ಎತ್ತಿಕೊಂಡು ಓಡಿದ ಅಳಿಯನನ್ನು ಹಿಡಿದು ತರುತ್ತೇನೆ. ಪೊಲೀಸರ ಹತ್ತಿರ ಹೇಳಲಾಗದ್ದನ್ನು ಜನ ನನ್ನ ಹತ್ತಿರ ಹೇಳುತ್ತಾರೆ. ಹೊಡೆಯುತ್ತೇನೆ. ಹೊಡೆಸಿಕೊಳ್ಳುತ್ತೇನೆ. ಮದುವೆ ಆಗಲಿಲ್ಲ.

ನನಗೆ ಇದ್ದವನು ಒಬ್ಬ ತಮ್ಮ. ದೇವರಾಜು.

ಅಪ್ಪ ಹೆಂಡದ ಅಂಗಡಿಯ ಮುಂದೆಯೇ ಸತ್ತ. ಅವ್ವ ಅವನ ಹಿಂದೆಯೇ ಹೋದಳು. ಆಗ ದೇವರಾಜು ನನ್ನ ಸೊಂಟದ ಎತ್ತರಕ್ಕಿದ್ದ. ನಾನೇ ಉಣ್ಣಿಸಿದೆ, ನಾನೇ ಬಡಿದೆ, ನಾನೇ ಓದಿಸಿದೆ. ಅವನು ಲೈನ್‌ಮ್ಯಾನ್ ಆದ. ಹಳ್ಳಿ ಹಳ್ಳಿಗೆ ಕರೆಂಟು ಬರುತ್ತಿದ್ದ ಕಾಲ ಅದು. ಇವನು ಕಂಬ ಹತ್ತಿದರೆ ಕೆಳಗೆ ಜನ ಜಾತ್ರೆಯಂತೆ ಸೇರುತ್ತಿದ್ದರು. ಬೂವನಹಳ್ಳಿಯಲ್ಲಿ ಮೊದಲ ದೀಪ ಹತ್ತಿದ ದಿನ ಒಬ್ಬ ಮುದುಕಿ ಅವನ ಕೈಗೆ ಮುತ್ತಿಟ್ಟಳಂತೆ. ಅದನ್ನು ನನಗೆ ಅವನು ಎಷ್ಟು ಸಲ ಹೇಳಿದ್ದನೋ!

ಒಂದು ತೊಟ್ಟು ಕುಡಿದವನಲ್ಲ. ಅಪ್ಪನನ್ನು ನೋಡಿದ್ದನಲ್ಲ.

ಮದುವೆಯಾಗಿ ಹೊಳೆನರಸೀಪುರದಲ್ಲಿ ಮನೆ ಮಾಡಿದ. ಹೆಂಡತಿ ಚಿಕ್ಕಲಕ್ಷ್ಮಮ್ಮ ಊರಾಚೆಯ ಪಾಟರಿ ಕಾರ್ಖಾನೆಯಲ್ಲಿ ಕೂಲಿಗೆ ಹೋಗುತ್ತಿದ್ದಳು. ಮಣ್ಣು ಬೆರೆಸುವ ಶೆಡ್ಡಿನಲ್ಲಿ. ಆಕೆ ಗಂಡನ ಅಣ್ಣನಾದ ನನ್ನೆದುರು ಎಂದೂ ನಿಂತವಳಲ್ಲ. ಏನಿದ್ದರೂ ಬಾಗಿಲ ಮರೆಯಿಂದಲೇ ಮಾತು. ಆದರೆ ಅವಳ ರಂಗೋಲಿ ಮಾತ್ರ ಮನೆಯೆದುರು ಬೀದಿಯ ಅರ್ಧ ತುಂಬುತ್ತಿತ್ತು. ಹಿಂದಿನ ಸಂಕ್ರಾಂತಿಗೆ ಹೋದಾಗ ದೇವರಾಜು ನನ್ನನ್ನು ದೂರದಲ್ಲೇ ತಡೆದು ನಿಲ್ಲಿಸಿದ್ದ.

"ಅಣ್ಣಾ, ತುಳೀಬ್ಯಾಡ! ಪಕ್ಕದಾಗಿಂದ ಬಾ... ನೋಡು, ಎಂಗೆ ಒಳೀತಾ ಅದೆ!"

ತನ್ನ ಸೈಕಲ್ಲನ್ನು ಆಚೆ ಮನೆಯ ಗೋಡೆಗೆ ಒರಗಿಸಿದ್ದ. ರಂಗೋಲಿಯ ಒಂದು ಎಳೆ ಅಳಿಸಿದರೂ ಅವನಿಗೆ ಸಂಕಟ.

ಅರವತ್ತೊಂದರ ಆಷಾಢ. ಜಿನುಗು ಮಳೆ. ಕಟ್ಟಾಯದ ಹತ್ತಿರ ಒಂದು ಮರದ ಕಂಬ. ದೇವರಾಜು ಅದನ್ನು ಹತ್ತಿದ.

ಇಳಿಯಲಿಲ್ಲ.

ಇಳಿಸಿದರು.

ಕರೆಂಟು ಆಫೀಸಿನ ವರದಿ ಚಿಕ್ಕದು. ಕುಡಿದಿದ್ದ. ಕರೆಂಟಿದ್ದ ತಂತಿಯನ್ನು ಮುಟ್ಟಿದ. ಅವನದೇ ತಪ್ಪು. ಮುಗಿಯಿತು!

ಹನ್ನೊಂದರ ಕಾರ್ಯ ಕಳೆದ ಮೇಲೆ ನಾನು ಆ ಮನೆಯ ಜಗಲಿಯ ಮೇಲೆ ಕೂತಿದ್ದೆ. ಅಂಗಳ ಬರಿದಾಗಿತ್ತು. ಬಾಗಿಲ ಮೂಲೆಯಲ್ಲಿ ರಂಗೋಲಿ ಪುಡಿಯ ಕರಟ ಹಾಗೇ ಕೂತಿತ್ತು. ಒಳಗಿನಿಂದ ಬಳೆಯ ಸದ್ದಿಲ್ಲ. ಧ್ವನಿ ಮಾತ್ರ ಬಂತು.

"ಬಾವ."

"ಏಳವ್ವ."

"ಬೀದೀಲಿ ಎಲ್ಲಾ ಕುಡುಕನ ಎಂಡ್ತಿ ಅಂತಾವ್ರೆ. ನೀರಿಗೋದ್ರೆ ಅಂತಾರೆ, ಅಂಗಡಿಗೋದ್ರೆ ಅಂತಾರೆ. ಅವ್ರು ಕುಡೀತಿರ್ಲಿಲ್ಲ ಬಾವ!"

"ಗೊತ್ತು ಕಣವ್ವ."

"ನಿಮಗೆ ಗೊತ್ತಿದ್ರೆ ಸಾಲ್ದು. ಅವ್ರಿಗೂ ಗೊತ್ತಾಗ್ಬೇಕು. ಊರಿನೋರ್ ಕಳ್ದೋದ್ದನ್ನೆಲ್ಲಾ ಉಡುಕಿಕೊಡ್ತೀರಿ. ನಿಮ್ ತಮ್ಮನ್ ಎಸ್ರು ಕಳ್ದೋಗದೆ... ಉಡುಕಿಕೊಡಿ."

ಸ್ವಾಮಿ, ನನ್ನ ಹತ್ತಿರ ಎಷ್ಟೋ ಜನ ಅತ್ತಿದ್ದಾರೆ. ನಾನು ಬೀಡಿ ಹಚ್ಚಿ ಕಿಟಕಿ ನೋಡುತ್ತಿದ್ದೆ. ಅವತ್ತು ಬೀಡಿ ಹಚ್ಚಲು ಆಗಲಿಲ್ಲ. ಕಟ್ಟನ್ನು ಜೇಬಿಗೇ ಹಿಂದಿಟ್ಟು ಎದ್ದೆ.

ಕಟ್ಟಾಯಕ್ಕೆ ಹೋದೆ. ಅವನ ಜೊತೆಗಿದ್ದ ಕೂಲಿಯವನನ್ನು ಹಿಡಿದೆ. ದೇವರಾಜು ತಂತಿಯನ್ನು ಮುಟ್ಟಿರಲೇ ಇಲ್ಲ! ಬೀದಿದೀಪ ಕಟ್ಟಲು ಹತ್ತಿದ್ದ. ಒಂದು ಕೈ ದೀಪದ ಕೊಕ್ಕೆಯ ಮೇಲಿತ್ತು. ಇನ್ನೊಂದು ಕೈಯಲ್ಲಿ ತಂತಿಯ ಕೆಳಗಿನ ಕಬ್ಬಿಣದ ಅಡ್ಡಪಟ್ಟಿಯನ್ನು ಹಿಡಿದ. ಅಷ್ಟೇ.

ಅಡ್ಡಪಟ್ಟಿಗೆ ಕರೆಂಟು ಬರಬಾರದು. ತಂತಿಗೂ ಪಟ್ಟಿಗೂ ನಡುವೆ ಪಿಂಗಾಣಿ ಇರುತ್ತದೆ. ಅದರ ಕೆಲಸವೇ ಕರೆಂಟನ್ನು ತಡೆಯುವುದು.

ಹಳೆಯ ಪಿಂಗಾಣಿಯನ್ನು ಬಿಚ್ಚಿ ಎಸೆದಿದ್ದರು. ಬೇಲಿಯ ಕತ್ತಾಳೆಯ ಬುಡದಲ್ಲಿ ಎರಡು ಹೋಳಾಗಿ ಬಿದ್ದಿತ್ತು. ತಳದಲ್ಲಿ ಬಸವನ ಮುದ್ರೆ, ಪಕ್ಕದಲ್ಲಿ ಅದನ್ನು ಸುಟ್ಟ ಗೂಡಿನ ಸರದಿ ನಂಬರು. ಆ ಮುದ್ರೆ ನನಗೆ ಗೊತ್ತು. ಹೊಳೆನರಸೀಪುರದ ಪಾಟರಿಯದು. ಅದರ ಯಜಮಾನ ಪಂಚಾಕ್ಷರಯ್ಯನದು. ಚಿಕ್ಕಲಕ್ಷ್ಮಮ್ಮ ಕೂಲಿಗೆ ಹೋಗುತ್ತಿದ್ದ ಕಾರ್ಖಾನೆಯದು!

ಒಂದು ವರ್ಷದ ಹಿಂದೆ ಪಂಚಾಕ್ಷರಯ್ಯ ಕಳೆದುಹೋದ ಒಂದು ಲಾರಿ ಕಲ್ಲು ಹುಡುಕಲು ನನ್ನನ್ನು ಕರೆಸಿದ್ದ. ಕಲ್ಲಿಗೆ ಯಾಕಿಷ್ಟು ಒದ್ದಾಟ ಎಂದು ಕೇಳಿದ್ದೆ. ಅವನು ಒಂದು ನಸುಗೆಂಪು ಕಲ್ಲನ್ನು ನನ್ನ ಕೈಗಿಟ್ಟಿದ್ದ.

"ಫೆಲ್ಡ್‌ಸ್ಪಾರ್ ಕಣ್ರೀ ಬೈರಯ್ಯ! ಇದನ್ನ ಪುಡಿ ಮಾಡಿ ಬಿಳಿ ಮಣ್ಣಿಗೆ ಬೆರೆಸ್ತೀವಿ. ಜೊತೆಗೆ ಒಂದಿಷ್ಟು ಬಳಪದ ಕಲ್ಲಿನ ಪುಡಿ. ಗೂಡಿನೊಳಗೆ ಮೊದಲು ಕರಗೋದು ಇದು. ಕರಗಿ, ಮಣ್ಣಿನ ಸಂದುಗೊಂದಿಗೆಲ್ಲಾ ಹೋಗಿ ಗಾಜಾಗಿ ಕೂತ್ಕೊಳ್ಳುತ್ತೆ. ಬೇರೆಯವರು ಸುಡೋ ಶಾಖ ನಮಗೆ ಬೇಕಾಗಿಲ್ಲ. ಸೌದೆ ಅರ್ಧಕ್ಕರ್ಧ ಉಳೀತದೆ!"

"ಇದು ಕಮ್ಮಿಯಾದ್ರೆ?"

"ಅದೇ ಶಾಖಕ್ಕೆ ಮಣ್ಣು ಹಸೀನೇ ಉಳಿಯುತ್ತೆ. ಮೇಲೆ ಹೊಳಪು, ಒಳಗೆಲ್ಲಾ ತೂತು. ನೀರು ಕುಡಿಯುತ್ತೆ, ನೆನೆದ್ರೆ ಕರೆಂಟು ತಡೆಯಲ್ಲ."

ಅದನ್ನು ಪತ್ತೆ ಮಾಡುವ ಉಪಾಯವನ್ನೂ ತೋರಿಸಿದ್ದ. ಗೂಡು ಬಿಚ್ಚಿದ ದಿನ ಒಂದು ಪಿಂಗಾಣಿಯನ್ನು ಒಡೆಯುತ್ತಾರೆ. ಒಡೆದ ಮೈಯನ್ನು ನಾಲಿಗೆಗೆ ಮುಟ್ಟಿಸುತ್ತಾರೆ. ಬೆಂದಿದ್ದರೆ ಜಾರುತ್ತದೆ. ಬೇಯದಿದ್ದರೆ ಅಂಟುತ್ತದೆ.

ಕಟ್ಟಾಯದ ಬೇಲಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಆ ಹೋಳನ್ನು ಬಿಸಿಲಿಗೆ ಒಣಗಿಸಿದೆ. ಬಹಳ ಹೊತ್ತು. ಆಮೇಲೆ ನಾಲಿಗೆಗೆ ಮುಟ್ಟಿಸಿದೆ.

ಅಂಟಿಕೊಂಡಿತು. ಎಳೆದರೆ ನಾಲಿಗೆಯೂ ಜೊತೆಗೇ ಬಂತು.

ನನ್ನ ತಮ್ಮನನ್ನು ತಿಂದದ್ದು ನನ್ನ ಬಾಯಲ್ಲಿತ್ತು ಸ್ವಾಮಿ. ಅಲ್ಲೇ ಕೂತು ಅತ್ತೆ. ದನ ಕಾಯುವವಳೊಬ್ಬಳು ಹೆದರಿ ದೂರ ಹೋದಳು.

ಆಮೇಲೆ ದಡ್ಡತನ ಮಾಡಿದೆ. ಸೀದಾ ಪಂಚಾಕ್ಷರಯ್ಯನ ಹತ್ತಿರ ಹೋಗಿ ಹೋಳನ್ನು ಮೇಜಿನ ಮೇಲಿಟ್ಟೆ. ಅದರದೇ ಒಂದು ಚೂರು ಜೇಬಿನಲ್ಲೂ ಇದೆ ಎಂದೆ. ಅವನು ಬೆವರಲಿಲ್ಲ. ಕಾಫಿ ತರಿಸಿದ.

"ಕಲ್ಲೇ ಕೆಟ್ಟದ್ದು ಬಂದಿರಬಹುದು ಬೈರಯ್ಯ. ಗಣಿಗೆ ಹೋಗಿ ನೋಡ್ಕೊಂಡು ಬನ್ನಿ. ನಮ್ಮ ಚೆನ್ನಯ್ಯ ಕರ್ಕೊಂಡು ಹೋಗ್ತಾನೆ."

ಚೆನ್ನಯ್ಯ ಕಾರ್ಖಾನೆಯ ಮೇಸ್ತ್ರಿ. ಎಮ್ಮೆಯ ಕತ್ತು. ಲಾರಿಯ ಹಿಂದೆ ಹುಲ್ಲು ತುಂಬಿದ ಪೆಟ್ಟಿಗೆಗಳಿದ್ದವು. ದಾರಿಯಲ್ಲಿ ಬಾಯಿಬಿಟ್ಟ. "ಇಂಗೇ ನಿನ್ನ ಗಣೀಲಿ ಬುಟ್ಟು, ಲೋಡ್ ಚನ್ರಾಯಪಟ್ಣಕ್ಕೆ ಒಡೀಬೇಕು. ಅಲ್ಲಿ ಒಸಾ ಲೈನ್ ಎಳೀತಾವ್ರೆ." ಗಣಿ ತಲುಪಿದಾಗ ಅಲ್ಲಿ ಒಬ್ಬ ಕೂಲಿಯೂ ಇರಲಿಲ್ಲ. ಆಗಲೇ ಮೂಗಿಗೆ ವಾಸನೆ ಬಡಿಯಿತು. ಜೇಬಿನಲ್ಲಿ ಉಳಿಸಿಕೊಂಡಿದ್ದ ಚೂರನ್ನು ಬಾಯಿಗೆ ಹಾಕಿಕೊಂಡೆ. ಮರುಕ್ಷಣ ಹಿಂದಿನಿಂದ ಹಾರೆ ಬಿತ್ತು.

ಸರಿ. ಈಗ ಬತ್ತಿ ಎಲ್ಲಿಗೆ ಬಂತು?

ಕುಳಿಯ ಬಾಯಿಗೆ ಬಂದಿತ್ತು!

ಫೆಲ್ಡ್‌ಸ್ಪಾರ್ ಒಡೆದರೆ ಸಪಾಟಾಗಿ ಒಡೆಯುತ್ತದೆ. ಅಂಚು ಬಲು ಹರಿತ. ಬಿದ್ದಾಗಿನಿಂದ ನಾನು ಬೆನ್ನ ಕೆಳಗಿನ ಒಂದು ಅಂಚಿಗೆ ಹಗ್ಗವನ್ನು ಉಜ್ಜುತ್ತಲೇ ಇದ್ದೆ. ನಾರು ಎಳೆಎಳೆಯಾಗಿ ಹರಿಯುತ್ತಿತ್ತು. ಕೈಯ ಚರ್ಮವೂ ಹರಿಯುತ್ತಿತ್ತು.

ಟಪ್!

ಉರುಳಿದೆ. ಬಂಡೆಯ ಅಂಚು ಸಿಕ್ಕಿತು. ಅದರಾಚೆ ಏನಿದೆ ಎಂದು ನೋಡಲು ಪುರುಸೊತ್ತಿರಲಿಲ್ಲ. ಬಿದ್ದೆ!

ಢಂ!

ಆಕಾಶವೇ ಕಲ್ಲಾಗಿ ಸುರಿಯಿತು. ಕಣ್ಣು ಬಿಟ್ಟಾಗ ಬೇಡವೆಂದು ಸುರಿದ ಬಿಳಿ ಕಲ್ಲಿನ ಪುಡಿಯ ಗುಡ್ಡೆಯಲ್ಲಿ ಕತ್ತಿನವರೆಗೆ ಹೂತಿದ್ದೆ. ಎಡಗಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು. ಇವತ್ತಿಗೂ ಕೂಗುತ್ತದೆ. ನೀವು ಬಲಗಡೆ ಕೂತದ್ದು ಒಳ್ಳೆಯದಾಯಿತು.

ಚೂರು ಬಾಯಲ್ಲೇ ಇತ್ತು. ಎಂಜಲು ಕುಡಿದು ಕುಡಿದು, ಆಗಷ್ಟೇ ನಾಲಿಗೆ ಬಿಟ್ಟಿತ್ತು.

ರಸ್ತೆಗೆ ಏರಿದೆ. ತೆಂಗಿನಕಾಯಿ ತುಂಬಿದ ಲಾರಿಯೊಂದು ಬಂತು. ಚನ್ನರಾಯಪಟ್ಟಣದ ಮಾರ್ಕೆಟ್ಟಿಗೆ ಹೊರಟದ್ದು. ನಡುರಸ್ತೆಯಲ್ಲಿ ನಿಂತೆ. ಡ್ರೈವರ್ ನನ್ನನ್ನು ನೋಡಿ ಕೈ ಮುಗಿದ. ನೆತ್ತಿಯಿಂದ ಅಂಗಾಲಿನವರೆಗೆ ಬೆಳ್ಳಗಿದ್ದೆನಲ್ಲ!

"ದೆವ್ವ ಅಲ್ಲ ಕಣಯ್ಯ. ಹತ್ತಿಸ್ಕೊ."

"ಎಲ್ಲಿಗೆ ಸಾ?"

"ಮುಂದೆ ಪೆಟ್ಟಿಗೆ ಲಾರಿ ಹೋಯ್ತಲ್ಲ... ಅದರ ಹಿಂದೆ. ತುಳಿ!"

ತುಳಿದ. ಹೊಳೆನರಸೀಪುರ ದಾಟಿತು. ಹೇಮಾವತಿ ಹಿಂದೆ ಉಳಿಯಿತು. ಪ್ರತಿ ತಿರುವಿನಲ್ಲೂ ಮುಂದಿನ ಲಾರಿಯ ಧೂಳು ಕಾಣುತ್ತಿತ್ತು, ಲಾರಿ ಕಾಣುತ್ತಿರಲಿಲ್ಲ. ದಾರಿಯುದ್ದಕ್ಕೂ ಹೊಸ ಕಂಬಗಳು ನಿಂತಿದ್ದವು. ತಂತಿ ಇನ್ನೂ ಎಳೆದಿರಲಿಲ್ಲ. ಆ ಪೆಟ್ಟಿಗೆಗಳು ಇಳಿದರೆ ಈ ಕಂಬಗಳ ನೆತ್ತಿಗೇ ಏರುತ್ತವೆ. ಆಮೇಲೆ ಮಳೆ ಬರುತ್ತದೆ. ಯಾರದೋ ತಮ್ಮ ಹತ್ತುತ್ತಾನೆ.

"ಇನ್ನೂ ತುಳಿಯೋ!"

ಚನ್ನರಾಯಪಟ್ಟಣ. ಕಾಯಿ ಮಾರ್ಕೆಟ್ಟು ತುಂಬಿತ್ತು. ರಾಶಿ ರಾಶಿ ಕಾಯಿ, ಎತ್ತಿನ ಗಾಡಿಗಳು, ದಲ್ಲಾಳಿಗಳ ಕೂಗು. ಪೆಟ್ಟಿಗೆ ಲಾರಿ ಗಾಡಿಗಳ ನಡುವೆ ಸಿಕ್ಕಿಕೊಂಡಿತ್ತು. ಚೆನ್ನಯ್ಯ ಕೆಳಗಿಳಿದು ಒಬ್ಬ ಗಾಡಿಯವನಿಗೆ ಬೈಯುತ್ತಿದ್ದ.

"ಚೆನ್ನಯ್ಯ!"

ತಿರುಗಿದ. ಬಿಳಿ ಬಣ್ಣದ ನಾನು. ಅವನ ಬಾಯಿಂದ ಬೀಡಿ ಉದುರಿತು.

"ಅಯ್ಯಪ್ಪೋ!"

ಓಡಿದ! ಕಾಯಿ ರಾಶಿಯ ಮೇಲೆ ಹತ್ತಿದ. ಕಾಯಿ ಜಾರಿದವು, ಅವನೂ ಜಾರಿದ. ಎದ್ದ. ಸೊಂಟದಿಂದ ಚೂರಿ ಎಳೆದ. ನನ್ನ ಹತ್ತಿರ ಏನೂ ಇರಲಿಲ್ಲ. ಕಾಲ ಬುಡದಲ್ಲಿ ಮಾತ್ರ ಇಡೀ ತಾಲ್ಲೂಕಿನ ಕಾಯಿ ಬಿದ್ದಿತ್ತು.

ಒಂದನ್ನು ಎತ್ತಿ ಬೀಸಿದೆ. ಭುಜಕ್ಕೆ ಬಿತ್ತು. ಎರಡನೆಯದು ಹಣೆಗೆ.

ಕಾಯಿ ಒಡೆಯಲಿಲ್ಲ. ಚೆನ್ನಯ್ಯ ಬಿದ್ದ.

ಎದೆಯ ಮೇಲೆ ಕೂತೆ. ಪೆಟ್ಟಿಗೆಯಿಂದ ಒಂದು ಪಿಂಗಾಣಿಯನ್ನು ತರಿಸಿ ಕಲ್ಲಿಗೆ ಬಡಿದೆ. ತಳದಲ್ಲಿ ಅದೇ ನಂಬರು!

"ನಾಲಿಗೆ ಚಾಚು."

"ಬ್ಯಾಡ ಬೈರಣ್ಣ..."

"ಚಾಚೋ!"

ಚಾಚಿದ. ಹೋಳನ್ನು ಒತ್ತಿದೆ. ಕೈ ಬಿಟ್ಟೆ. ಬೀಳಲಿಲ್ಲ. ಎಮ್ಮೆಯ ಕತ್ತಿನ ಚೆನ್ನಯ್ಯ ನಾಲಿಗೆಯ ಮೇಲೆ ಪಿಂಗಾಣಿ ಅಂಟಿಸಿಕೊಂಡು ಮಾರ್ಕೆಟ್ಟಿನ ನಡುವೆ ಅಳತೊಡಗಿದ. ನಾನೇ ಅದನ್ನು ಕಿತ್ತೆ.

"ಯಜಮಾನ್ರಿಗೆ ಗೊತ್ತಿತ್ತು ಬೈರಣ್ಣ. ಗೂಡು ಬಿಚ್ಚಿದ ದಿನ್ವೇ ಒಂದ್ನ ಒಡ್ದು ಶಾಯಿ ಬುಟ್ಟು ನೋಡಿದ್ರು. ಬುಟ್ಟ ಶಾಯಿ ಎಲ್ಲಾ ಎಳ್ಕಂಡ್ಬುಡ್ತು. ಆದ್ರೂವೆ ಶಿವರಾತ್ರಿಗೆ ಸಾಗಾಕು ಅಂದ್ರು. ಮೇಲೆ ಒಳಪು ಅದೆ, ಯಾರ್ಗೂ ಕಾಣಾಕಿಲ್ಲ ಅಂದ್ರು."

"ಯಾಕೆ ಬೇಯಲಿಲ್ಲ? ಕಲ್ಲು ಕೆಟ್ಟಿತ್ತಾ?"

"ಕಲ್ಲು ಚಂದಾಗಿತ್ತು. ಧನುರ್ಮಾಸದಾಗೆ ಪುಡಿ ಕಮ್ಮಿ ಬಿತ್ತು."

"ಯಾರು ಕದ್ದದ್ದು?"

ಅವನು ನನ್ನ ಮುಖವನ್ನೇ ನೋಡಿದ. ಅವನ ಕಣ್ಣಲ್ಲಿ ಹೆದರಿಕೆ ಹೋಗಿ ಇನ್ನೇನೋ ಬಂತು. ಕನಿಕರ! ನನ್ನನ್ನು ಮದ್ದಿಟ್ಟು ಉಡಾಯಿಸಲು ನೋಡಿದವನ ಕಣ್ಣಲ್ಲಿ ಕನಿಕರ!

"ಶೆಡ್ಡಿನ ಮುದ್ದಮ್ಮನ ಕೇಳು ಬೈರಣ್ಣ. ನನ್ ಬಾಯಲ್ಲಿ ಏಳಿಸ್ಬ್ಯಾಡ."

ಆ ಲಾರಿಯನ್ನು ಕಾಯಿ ಮಂಡಿಯ ಹಿತ್ತಲಿಗೆ ನುಗ್ಗಿಸಿ, ಪರಿಚಯದ ದಲ್ಲಾಳಿಯೊಬ್ಬನ ಕಾವಲಿಗೆ ಬಿಟ್ಟೆ. ಚೆನ್ನಯ್ಯನನ್ನು ಸ್ಟಿಯರಿಂಗಿಗೆ ಕಟ್ಟಿದೆ. ತೆಂಗಿನ ನಾರಿನ ಹಗ್ಗವೇ.

ಮಾರನೆಯ ಬೆಳಿಗ್ಗೆ ಹೊಳೆನರಸೀಪುರ. ಮುದ್ದಮ್ಮ ಗುಡಿಸಲ ಮುಂದೆ ಕೂತು ಸೊಪ್ಪು ಸೋಸುತ್ತಿದ್ದಳು. ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳು. ಮಗಳಂತೆ ನೋಡಿಕೊಳ್ಳುತ್ತಿದ್ದದ್ದು ಚಿಕ್ಕಲಕ್ಷ್ಮಮ್ಮನನ್ನು.

"ಧನುರ್ಮಾಸದಲ್ಲಿ ಪುಡಿ ಯಾರು ಕದ್ದರವ್ವ?"

"ಕದಿಯಾದಾ? ಅಯ್ಯೋ, ಅದ್ಯಾವ ಕಳ್ಳತನ ಕಣಪ್ಪ! ರಂಗೋಲಿಗೆ ಅಂತ ಒಂದೊಂದ್ ಮಡ್ಲು ತಂದ್ವಿ."

ನನ್ನ ಬಲಗಿವಿಯೂ ಕೆಟ್ಟಿತೇನೋ ಅನ್ನಿಸಿತು.

"ರಂಗೋಲಿಗೆ?"

"ಊಂ ಕಣಪ್ಪ. ಆ ಪುಡಿ ನಸುಗೆಂಪು. ಗಾಳಿಗೆ ಆರಾಕಿಲ್ಲ. ಎಳೆ ಬಿಸ್ಲಿಗೆ ಎಂಗೆ ಒಳೀತದೆ ಗೊತ್ತಾ? ಧನುರ್ಮಾಸ ಅಂದ್ರೆ ದಿನಾ ದೊಡ್ಡ ರಂಗೋಲಿ. ಶೆಡ್ಡಿನೋರೆಲ್ಲಾ ತಂದ್ವಿ. ಅವ್ರ ಓರಗಿತ್ತೀರ್ಗೆ, ನಾದಿನೀರ್ಗೆ ಅಂತ ಇನ್ನೊಂದೊಂದ್ ಮಡ್ಲು. ಯಜಮಾನ್ರಿಗೆ ಮೋಸ ಮಾಡಿಲ್ಲ ಕಣಪ್ಪ! ಎಷ್ಟ್ ತಂದ್ವೋ ಅಷ್ಟೇ ನಮ್ ಮನೆ ರಂಗೋಲಿ ಪುಡೀನ ಆಕ್ಬುಟ್ಟು ಬತ್ತಿದ್ವಿ. ಬೆಣಚುಕಲ್ಲಿನ್ ಪುಡಿ. ತೂಕ ಸರಿ ಇರ್ಲಿ ಅಂತ."

ತೂಕ ಸರಿ ಇರಲಿ ಅಂತ!

ಬೆಣಚುಕಲ್ಲು ಆ ಶಾಖಕ್ಕೆ ಕರಗುವುದಿಲ್ಲ. ಅದು ಸುಮ್ಮನೆ ಕೂತಿರುತ್ತದೆ. ಕರಗಬೇಕಾದ ಕಲ್ಲು ಹೊಳೆನರಸೀಪುರದ ಬೀದಿಗಳಲ್ಲಿ ಹೂವಾಗಿ, ಬಳ್ಳಿಯಾಗಿ, ನವಿಲಾಗಿ ಬಿದ್ದಿತ್ತು.

ಕೇಳಬಾರದಿತ್ತು. ಆದರೂ ಕೇಳಿದೆ.

"ಮೊದಲು ತಂದವರು ಯಾರು?"

"ನಿಮ್ ಲಕ್ಸ್ಮವ್ವನೇ ಕಣಪ್ಪ. ದೇವರಾಜಪ್ಪ ಒಂದಿನ ಶೆಡ್ಡಿನ್ತಾವ ಬಂದಿದ್ನಲ್ಲಾ, ಪುಡಿ ನೋಡ್ಬುಟ್ಟು ಇದು ಬಾಳ ಚಂದಾಗದೆ, ಇದ್ರಲ್ಲಿ ರಂಗೋಲಿ ಬುಡು ಅಂದ. ಗಂಡ ಆಸೆ ಪಟ್ಟಾಗ..."

ಅಲ್ಲಿಗೆ ಅವಳ ಮಾತು ನಿಂತಿತು. ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು. ಗೂಡಿನ ಪಕ್ಕದಲ್ಲೇ ಬದುಕು ಸವೆಸಿದವಳು. ನಾನು ಏನೂ ಹೇಳಬೇಕಾಗಲಿಲ್ಲ.

"ಅಯ್ಯೋ ನನ್ನಪ್ಪ... ಆ ಕಂಬದ್ದು... ನಮ್ದಾ?"

ನಾನು ತಲೆ ತಗ್ಗಿಸಿದೆ.

"ನಾನೂ ತಂದಿದ್ದೆ ಕಣಪ್ಪ. ನನ್ ಕೈಲೂ ಅದೆ," ಎಂದು ತನ್ನ ಎರಡೂ ಅಂಗೈಯನ್ನು ನನ್ನ ಮುಂದೆ ಚಾಚಿದಳು.

"ಅವಳಿಗೆ ಹೇಳಬೇಡವ್ವ. ಎಂದಿಗೂ."

"ಏಳಿದ್ರೆ ಅವ್ಳು ಬದುಕ್ತಾಳಾ?"

ಕಾರ್ಖಾನೆಗೆ ನಡೆದೆ. ದಾರಿ ಕಾಣುತ್ತಿರಲಿಲ್ಲ. ಎಷ್ಟೋ ಜನರನ್ನು ಹಿಡಿದಿದ್ದೇನೆ ಸ್ವಾಮಿ. ಕೊನೆಯಲ್ಲಿ ಒಬ್ಬ ಕಳ್ಳ ಇರುತ್ತಾನೆ, ಅವನ ಕೊರಳಪಟ್ಟಿ ಇರುತ್ತದೆ, ಹಿಡಿದು ಗುದ್ದಬಹುದು. ಇಲ್ಲಿ ಯಾರನ್ನು ಗುದ್ದಲಿ? ಗಂಡನ ಕಣ್ಣಿಗೆ ಚೆಂದ ಕಾಣಲೆಂದು ನಸುಕಿನಲ್ಲಿ ಬಗ್ಗಿ ಎಳೆ ಎಳೆದವಳನ್ನೇ?

ಪಂಚಾಕ್ಷರಯ್ಯ ಗೂಡಿನ ಮುಂದೆ ನಿಂತಿದ್ದ. ಒಳಗೆ ಬೆಂಕಿ ಕೆಂಪಗೆ ಉಸಿರಾಡುತ್ತಿತ್ತು. ನನ್ನನ್ನು ನೋಡಿ ಅವನ ಮುಖ ಬಿಳಿಚಿಕೊಂಡಿತು. ಒಂದು ಕ್ಷಣ ಮಾತ್ರ.

"ಬದುಕಿದ್ದೀರಾ?"

"ನಿಮ್ಮ ಲಾರಿಯೂ ಬದುಕಿದೆ. ಪೆಟ್ಟಿಗೆ ಸಮೇತ. ಚೆನ್ನಯ್ಯನೂ ಬದುಕಿದ್ದಾನೆ. ಬಾಯಿ ಚೆನ್ನಾಗಿ ಆಡುತ್ತಿದೆ."

ಅವನು ಶಲ್ಯದಿಂದ ಮುಖ ಒರೆಸಿಕೊಂಡ. ಆಮೇಲೆ ಮೆಲ್ಲಗೆ ನಕ್ಕ.

"ಪುಡಿ ಯಾಕೆ ಕಮ್ಮಿಯಾಯ್ತು ಅಂತಾನೂ ಹೇಳಿದನೋ?"

ನಾನು ಗೂಡಿನ ಬೆಂಕಿಯ ಕಡೆ ತಿರುಗಿದೆ.

"ಗೊತ್ತಾಗಿದೆ ನಿಮಗೆ. ಮುಖ ಹೇಳ್ತಿದೆ. ನೋಡಿ ಬೈರಯ್ಯ... ನೀವು ಈ ಚೂರು ಹಿಡ್ಕೊಂಡು ಹಾಸನದ ಕರೆಂಟು ಆಫೀಸಿಗೆ ಹೋದ್ರೆ, ನಾನು ನಿಮ್ಮ ತಮ್ಮನ ಹೆಂಡ್ತಿ ಹತ್ರ ಹೋಗ್ತೀನಿ. ತಾಯಿ, ನಿನ್ನ ಗಂಡನ್ನ ಕೊಂದದ್ದು ನಿನ್ನ ರಂಗೋಲಿ ಅಂತ ಹೇಳ್ತೀನಿ. ಹೇಳ್ಲಾ?"

ಗೂಡಿನ ಪಕ್ಕದಲ್ಲಿ ಬೆಂಕಿ ಕೆದಕುವ ಕಬ್ಬಿಣದ ಸಲಾಕೆ ಒರಗಿಸಿತ್ತು. ತುದಿ ಕೆಂಪಗಿತ್ತು. ನನ್ನ ಕೈ ಅದನ್ನು ಆಗಲೇ ಹಿಡಿದಿತ್ತು. ಎತ್ತಿಯೂ ಆಗಿತ್ತು. ಅವನು ಗೋಡೆಗೆ ಅಂಟಿಕೊಂಡ.

ಒಂದೇ ಏಟು ಸಾಕಾಗಿತ್ತು. ಆದರೆ ಆ ಏಟು ಬಿದ್ದರೆ ದೇವರಾಜು ಕುಡುಕನಾಗಿಯೇ ಉಳಿಯುತ್ತಿದ್ದ.

"ರಂಗೋಲಿಯ ವಿಷಯ ನಿಮಗೆ ಯಾವಾಗ ತಿಳಿಯಿತು?" ಎಂದೆ.

"ಸಂಕ್ರಾಂತಿಗೇ! ಊರಲ್ಲಿ ಯಾರ ಮನೆ ಮುಂದೆ ನೋಡಿದ್ರೂ ನನ್ನ ಪುಡಿ..."

ಬಾಯಿ ಮುಚ್ಚಿಕೊಂಡ. ತಡವಾಗಿತ್ತು.

"ಸಂಕ್ರಾಂತಿಗೆ ತಿಳಿಯಿತು. ಗೂಡು ಬಿಚ್ಚಿದ ದಿನ ಶಾಯಿ ಬಿಟ್ಟು ನೋಡಿದಿರಿ. ಶಿವರಾತ್ರಿಗೆ ಮಾಲು ಸಾಗಿಸಿದಿರಿ. ಆಷಾಢದಲ್ಲಿ ನನ್ನ ತಮ್ಮ ಸತ್ತ. ಹೋಗಿ ಅವಳ ಹತ್ತಿರ ಹೇಳಿ. ಹೇಳಿದರೆ, ನಿಮಗೆ ಮೊದಲೇ ಎಲ್ಲಾ ಗೊತ್ತಿತ್ತು ಅಂತ ನಿಮ್ಮ ಬಾಯಿಂದಲೇ ಊರಿಗೆ ಗೊತ್ತಾಗುತ್ತದೆ. ಆಮೇಲೆ ನೇಣಿನ ಹಗ್ಗ ನಿಮಗೆ."

ಗೂಡು ಚಟಚಟ ಎಂದಿತು. ಅವನು ಸೌದೆಯ ರಾಶಿಯ ಮೇಲೆ ಕುಸಿದು ಕೂತ.

"ಏನ್ ಬೇಕು ನಿಮಗೆ?"

"ಆ ಗೂಡಿನ ಒಂದೊಂದು ಪಿಂಗಾಣಿಯೂ ಕಂಬದಿಂದ ಇಳಿಯಬೇಕು. ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ. ಆಮೇಲೆ ಹಾಸನದ ಆಫೀಸಿಗೆ ಬರೆದುಕೊಡಿ. ಗೂಡಿನ ಬೆಂಕಿ ಸಾಲಲಿಲ್ಲ, ಮಾಲು ಹಸಿಯಾಗಿತ್ತು, ದೇವರಾಜುವಿನ ತಪ್ಪಿಲ್ಲ ಅಂತ. ಬೆಂಕಿ ಅಂತ ಮಾತ್ರ. ಪುಡಿಯ ಮಾತು ಬರಬಾರದು."

"ಬರೆದರೆ?"

"ನಾನೂ ಬಾಯಿ ಮುಚ್ಚುತ್ತೇನೆ."

ಬರೆದ.

ಚೆನ್ನಯ್ಯನ ಕಟ್ಟು ಬಿಚ್ಚಿ ಕಳಿಸಿದೆ. ಪಂಚಾಕ್ಷರಯ್ಯ ಜೈಲಿಗೆ ಹೋದನೋ ಎಂದು ನೀವು ಕೇಳುವುದರಲ್ಲಿದ್ದಿರಿ. ಇಲ್ಲ. ಹೋಗಲಿಲ್ಲ. ಗುತ್ತಿಗೆ ಹೋಯಿತು, ಗೂಡು ಆರಿತು, ಆದರೆ ಸಂಜೆ ಹೊತ್ತು ಶಲ್ಯ ಹೊದ್ದು ಬಸವಣ್ಣನ ಗುಡಿಗೆ ಹೋಗುವುದು ನಿಲ್ಲಲಿಲ್ಲ. ಎದುರು ಸಿಕ್ಕಿದರೆ ನಮಸ್ಕಾರ ಅನ್ನುತ್ತಿದ್ದ. ನಾನೂ ಅನ್ನುತ್ತಿದ್ದೆ.  ನನ್ನ ತಮ್ಮನನ್ನು ಕೊಂದವನಿಗೆ ನಮಸ್ಕಾರ!

ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ವರದಿ ಬಂತು. ಮೃತ ದೇವರಾಜು ಕರ್ತವ್ಯದಲ್ಲಿದ್ದ, ಅವನದು ಯಾವ ತಪ್ಪೂ ಇಲ್ಲ. ಆಫೀಸಿನವರು ಮೊದಲು ಅಂದದ್ದಕ್ಕೆ ವಿಷಾದವನ್ನೂ ಸೇರಿಸಿದ್ದರು. ನಾನೇ ಅದನ್ನು ಹೊಳೆನರಸೀಪುರಕ್ಕೆ ಒಯ್ದೆ. ಜಗಲಿಯ ಮೇಲೆ ನಿಂತು, ಬೀದಿಯವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ. ಆಚೆಮನೆಯವರು ಹೊರಗೆ ಬಂದರು. ಮುದ್ದಮ್ಮನೂ ಬಂದು ದೂರದಲ್ಲಿ ನಿಂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಅವತ್ತು ಮೊದಲ ಸಲ ಚಿಕ್ಕಲಕ್ಷ್ಮಮ್ಮ ಬಾಗಿಲ ಮರೆಯಿಂದ ಈಚೆ ಬಂದಳು.

ಎಷ್ಟು ಚಿಕ್ಕವಳು ಅನ್ನುವುದು ನನಗೆ ಆಗಲೇ ಗೊತ್ತಾದದ್ದು. ಆ ಕಾಗದವನ್ನು ಕಣ್ಣಿಗೆ ಒತ್ತಿಕೊಂಡಳು. ಗೋಡೆಯ ಮೇಲೆ ದೇವರಾಜುವಿನ ಫೋಟೋ ಇತ್ತು. ಹಾಸನದ ಸ್ಟುಡಿಯೋದಲ್ಲಿ ನಾನೇ ತೆಗೆಸಿದ್ದು. ಅದರ ಕೆಳಗಿನ ನೆಲವನ್ನು ಸಗಣಿ ಹಾಕಿ ಸಾರಿಸಿದಳು. ಆಮೇಲೆ ಬಾಗಿಲ ಮೂಲೆಗೆ ಹೋದಳು. ಕರಟವನ್ನು ಎತ್ತಿದಳು.

ಬೇಡ ಎನ್ನಬೇಕೆನ್ನಿಸಿತು. ಒಂದು ಹೆಜ್ಜೆ ಮುಂದಿಟ್ಟು ನಿಂತೆ.

"ಗಂಡ ಸತ್ತೋಳು ರಂಗೋಲಿ ಬುಡ್ಬಾರ್ದು ಅಂತಾರೆ ಬಾವ. ಬೀದೀಲಿ ಬುಡಾಕಿಲ್ಲ. ಅವ್ರ ಮುಂದೆ ಬುಡ್ತೀನಿ. ಅವ್ರೇ ಆಸೆ ಪಟ್ಟು ತರ್ಸಿದ್ ಪುಡಿ. ಶೆಡ್ಡಿನಿಂದ ಒಂಚೂರು ತಂದಿದ್ದೆ... ಅದ್ರಿಂದ ಯಾರ್ಗೇನ್ ನಷ್ಟ ಆಗಿದ್ದಾತು?"

ಮುದ್ದಮ್ಮ ಬೀದಿಯಲ್ಲೇ ಕುಸಿದು ಕೂತಳು.

ಚಿಕ್ಕಲಕ್ಷ್ಮಮ್ಮ ಎರಡು ಬೆರಳಲ್ಲಿ ಪುಡಿ ಹಿಡಿದು ಎಳೆ ಬಿಟ್ಟಳು. ಕೈ ನಡುಗಲಿಲ್ಲ. ಒಂದು ಬಳ್ಳಿ. ಬಳ್ಳಿಯ ತುದಿಗೆ ಒಂದು ಹೂವು. ಹೂವಿನ ನಡುವೆ ದೀಪ. ಬಾಗಿಲಿಂದ ಬಿಸಿಲು ಬಿತ್ತು. ನಸುಗೆಂಪಾಗಿ ಹೊಳೆಯಿತು.

ಅವಳು ಸೆರಗಿಗೆ ಕೈ ಒರೆಸಿಕೊಂಡು, ತಲೆ ಎತ್ತಿ ಕೇಳಿದಳು.

"ಚಂದಾಗದಾ ಬಾವ?"

"ಚಂದಾಗದೆ ಕಣವ್ವ," ಎಂದೆ.

ನಿಮಗೆ ಇದನ್ನೆಲ್ಲ ಹೇಳುತ್ತಿರುವುದು ನೀವು ಆ ಕಡೆಯವರಲ್ಲ ಅಂತ. ನನ್ನ ಕಸುಬಿನಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ ಸ್ವಾಮಿ. ಯಾವುದೂ ನಾಲಿಗೆಗೆ ಅಂಟಲಿಲ್ಲ. ಚಂದಾಗದೆ ಅಂದ ಆ ಒಂದು ಮಾತು ಮಾತ್ರ ಇನ್ನೂ ಬಿಟ್ಟಿಲ್ಲ...

ಅದು ಸುಳ್ಳಾಗಿರಲಿಲ್ಲವಲ್ಲ! ರಂಗೋಲಿ ನಿಜವಾಗಿಯೂ ಚೆನ್ನಾಗಿತ್ತು.